ಬಿಲ್ಲೆ ಮಾವನ ಡೀಫಾಲ್ಟ್

ನಮ್ಮ ಸೋದರಮಾವ ಒಮ್ಮೆ ನನ್ನನ್ನು ಹೆಚ್ಚುಕಡಿಮೆ ಕೊಂದೇಬಿಟ್ಟಿದ್ದರು. ದ್ವೇಷಕ್ಕಲ್ಲ, ಶಿಸ್ತಿಗೆ! ನೀವು ಗಾಬರಿಯಾಗಬೇಡಿ, ಆ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ. ಪಕ್ಕದ ಮನೆಯವರು ಮಂಚ ಎಳೆದ ಸದ್ದಿಗೂ ಈಗ ಬೀದಿಗೆ ಹಾರುತ್ತೇನೆ.

ನಮ್ಮ ತಾತ, ಅಂದರೆ ಮಾವನ ಅಪ್ಪ, ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿಗೆ ಇಳಿಯುತ್ತಿದ್ದವರು. ಇಳಿಯುವ ಮೊದಲು ನಂಬರಿರುವ ಹಿತ್ತಾಳೆ ಬಿಲ್ಲೆ ಪಡೆಯಬೇಕು, ಮೇಲೆ ಬಂದು ಹಿಂದಿರುಗಿಸಬೇಕು. ಬಿಲ್ಲೆ ಬರಲಿಲ್ಲವೆಂದರೆ ಮನುಷ್ಯ ಒಳಗೇ ಉಳಿದನೆಂದು ಅರ್ಥ. ಗಣಿ ಮುಚ್ಚಿತು, ಬಿಲ್ಲೆ ಮಾತ್ರ ಮಾವನ ತಲೆಗೆ ಇಳಿದು ಅಲ್ಲೇ ಕೂತಿತು. ಪಟ್ಟಿಯಲ್ಲಿ ಹೆಸರಿಲ್ಲದ್ದು ಅವರ ಪಾಲಿಗೆ ಲೋಕದಲ್ಲೇ ಇಲ್ಲ!

ಚಿಕ್ಕಮ್ಮನ ಮದುವೆಗೆ ಬಂದ ಗಂಡಿನ ಕಡೆಯವರನ್ನು ಬಂಗಾರಪೇಟೆ ಸ್ಟೇಷನ್ನಿನಿಂದ ಕರೆತರಲು ಇವರನ್ನೇ ಕಳಿಸಿದ್ದರು. ಕೈಯಲ್ಲಿ ಹನ್ನೊಂದು ಹೆಸರಿನ ಪಟ್ಟಿ. ಇವರು ಹೆಸರು ಕೂಗಿ, ಹನ್ನೊಂದು ಜನರನ್ನು ವ್ಯಾನಿಗೆ ಹತ್ತಿಸಿ, ಬಾಗಿಲು ಹಾಕಿಕೊಂಡು ಬಂದೇಬಿಟ್ಟರು. ಪ್ಲಾಟ್‌ಫಾರ್ಮಿನಲ್ಲಿ ಉಳಿದವನು ಮದುಮಗ! ಅವನು ಬಂದೇ ಬರುತ್ತಾನೆಂದು ಅವನ ಹೆಸರನ್ನು ಯಾರೂ ಬರೆದಿರಲಿಲ್ಲ.

ಇಂಥವರು ಬಂಗಾರಪೇಟೆಯ ಪುಟ್ಟ ಕಚೇರಿಯೊಂದರಲ್ಲಿ ಸಾಫ್ಟ್‌ವೇರ್ ಬರೆಯುತ್ತಾರೆ. ಬಿ.ಎಸ್ಸಿ. ಮುಗಿಸಿ ನಾನೂ ಅಲ್ಲೇ ಸೇರಿದೆ. ಮುಚ್ಚಿದ ಗಣಿಗಳ ಸುತ್ತ ನೆಲ ಅದುರುವುದನ್ನು ಅಳೆಯುವ ಸೆನ್ಸರುಗಳಿವೆ. ಅವು ಕಳಿಸುವ ಮಾಹಿತಿಯನ್ನು ನಾಲ್ಕು ಕಂಪ್ಯೂಟರುಗಳು ಹಂಚಿಕೊಂಡು ಜಾಲಾಡಿ, ಅಪಾಯವಿದ್ದರೆ ಅಲ್ಲಿನ ಸೈರನ್ ಕೂಗಿಸಬೇಕು. ಮಾಹಿತಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಅದನ್ನು ಮಡಚಿ ಗಂಟು ಕಟ್ಟಬೇಕು. ಇದಕ್ಕೆ ಸೀರಿಯಲೈಸೇಷನ್ ಎಂಬ ದೊಡ್ಡ ಹೆಸರು. ಕಟ್ಟುವ ವಿಧಾನ ಎರಡು. ಒಂದು, ಏನು ಕೊಟ್ಟರೂ ಕಟ್ಟುತ್ತದೆ. ಗಂಟು ದಪ್ಪ, ನಡಿಗೆ ನಿಧಾನ. ಇನ್ನೊಂದರ ಗಂಟು ಚಿಕ್ಕದು, ಓಟ ಜೋರು. ಆದರೆ ಮಾವ ಅದಕ್ಕೆ ಹಾಕಿದ್ದ ಕಟ್ಟುನಿಟ್ಟೆಂದರೆ, ಮೊದಲೇ ಹೆಸರು ನೋಂದಾಯಿಸದ ಬಗೆಯ ಮಾಹಿತಿಯನ್ನು ಮುಟ್ಟಲೇಕೂಡದು. ಯಾರೂ ಏನೂ ಹೇಳದಿದ್ದಾಗ ತಂತಾನೇ ಯಾವುದು ನಡೆಯಬೇಕು? ಅದೇ ಡೀಫಾಲ್ಟ್. ಮಾವ ಯಾವುದನ್ನು ಆರಿಸಿದರೆಂದು ಬೇರೆ ಹೇಳಬೇಕೇ!

“ಮಾವ, ನಿಧಾನ ಆದ್ರೂ ಪರವಾಗಿಲ್ಲ, ಎಲ್ಲಾನೂ ಹೋಗ್ಲಿ ಬಿಡಿ,” ಎಂದೆ.

“ನಿಧಾನಕ್ಕೆ ಬತ್ತೀನಿ, ಅಲ್ಲೀಗಂಟ ಇರು ಅಂದ್ರೆ ಬೀಳೋ ಗೋಡೆ ಕಾಯ್ತದಾ? ಬಿಲ್ಲೆ ಇಲ್ದೋನು ಇಳೀಬಾರ್ದು ಕಣಮ್ಮಾ, ಅಷ್ಟೇ!”

“ಹೆಸರು ಸೇರಿಸೋದು ಯಾರಾದ್ರೂ ಮರೆತ್ರೆ?”

“ಮರೆಯೋರ್ನ ಕೆಲ್ಸಕ್ಕೆ ಯಾಕ್ ಇಟ್ಕೋಬೇಕು?”

ಮರೆತವಳು ನಾನೇ.

ನಂದಿದುರ್ಗ ಗಣಿಯ ಕೂಲಿಕಾರರ ಲೈನ್ ಮನೆಗಳ ಹಿಂದೆ ಗಣಿ ಕಾಲದ ಕಲ್ಲುಗೋಡೆ ಇತ್ತು. ಗೋಡೆ ಎಷ್ಟು ವಾಲಿತೆಂದು ಹೇಳುವ ಹೊಸ ಬಗೆಯ ಸೆನ್ಸರನ್ನು ಅದಕ್ಕೆ ಕೂರಿಸಲು ಒಂದು ಬೆಳಿಗ್ಗೆ ಹೋದೆ. ಅದರ ಹೆಸರನ್ನು ಪಟ್ಟಿಗೆ ಸೇರಿಸಿ ಹೊರಡಬೇಕಿತ್ತು. ರೈಲು ತಪ್ಪೀತೆಂದು ಓಡಿದ್ದೆ. ಸೆನ್ಸರ್ ಕೂರಿಸಿ, ಫೋನು ಪಕ್ಕಕ್ಕಿಟ್ಟು, ಅದೇ ಗೋಡೆಯ ನೆರಳಲ್ಲಿ ಕೂತು ಚಿತ್ರಾನ್ನದ ಡಬ್ಬಿ ತೆರೆದೆ. ಎಂಥ ಜಾಣೆ ನೋಡಿ! ತಲೆಯ ಮೇಲಿನ ಸೆನ್ಸರ್ ‘ವಾಲುತ್ತಿದೆ, ವಾಲುತ್ತಿದೆ’ ಎಂದು ಬಾಯಿ ಬಡಿದುಕೊಳ್ಳುತ್ತಿದ್ದರೆ, ಬಂಗಾರಪೇಟೆಯ ಕಂಪ್ಯೂಟರು ‘ಈ ಹೆಸರು ಪಟ್ಟಿಯಲ್ಲಿಲ್ಲ’ ಎಂದು ಗಂಟು ಕಟ್ಟದೆ ಕೈಕಟ್ಟಿ ಕೂತಿತ್ತು. ಸೈರನ್ ತುಟಿಪಿಟಕ್ಕೆನ್ನಲಿಲ್ಲ.

ಕೂಗಿದ್ದು ಎದುರು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ತಮಿಳಜ್ಜಿ. “ಏಯ್ ಪಾಪಾ! ಗೋಡೆ ಬತ್ತೈತೆ, ಎದ್ದು ಬಾ ಮಾ!”

ಎದ್ದು ಎರಡು ಹೆಜ್ಜೆ ಇಟ್ಟಿದ್ದೆ. ಬೆನ್ನ ಹಿಂದೆ ಗೋಡೆ ಮಲಗಿತು. ಎರಡೇ ಹೆಜ್ಜೆ! ದಿನಾ ಮನಸ್ಸಿನಲ್ಲೇ ಮತ್ತೆ ಎದ್ದು ಎಣಿಸುತ್ತೇನೆ. ಒಂದು ದಿನವೂ ಮೂರಾಗಿಲ್ಲ.

ಧೂಳು ಇಳಿದ ಮೇಲೆ ಅಜ್ಜಿ ನೀರು ಕೊಟ್ಟು ಸೈರನ್ನಿನತ್ತ ಕೈ ತೋರಿಸಿದರು. “ಕಂಬದ ಮ್ಯಾಲಿರೋ ಆ ಕೊಂಬು ಯಾತಕ್ಕಮ್ಮಾ, ಕಾಗೆ ಕೂತ್ಕೊಳ್ಳೋಕಾ?”

ಉತ್ತರ ಹೇಳುವಷ್ಟರಲ್ಲಿ ಕಲ್ಲಿನ ರಾಶಿಯ ಅಡಿಯಿಂದ ನನ್ನ ಫೋನು ರಿಂಗಾಗತೊಡಗಿತು. ನಿಂತಿತು. ಮತ್ತೆ ರಿಂಗಾಯಿತು. ಅಷ್ಟು ಕಲ್ಲಿನಡಿಯೂ ಅದು ಬದುಕಿತ್ತು, ಕೈಗೆ ಸಿಗುವಂತಿರಲಿಲ್ಲ.

ಅರ್ಧ ಗಂಟೆಯಲ್ಲಿ ಮಾವ ಸ್ಕೂಟರಿನಲ್ಲಿ ಬಂದರು. ಒಂದು ಕಾಲಿಗೆ ಮಾತ್ರ ಚಪ್ಪಲಿ. ಕಚೇರಿಯಲ್ಲಿ ಆ ‘ಪಟ್ಟಿಯಲ್ಲಿಲ್ಲ’ ಎಂಬ ಸಾಲು ಕಂಡವರು, ನಾನು ಫೋನು ಎತ್ತದ್ದರಿಂದ ಹಾಗೇ ಹೊರಟಿದ್ದರು. ಬೈಗುಳ ಬರುತ್ತದೆಂದು ತಲೆ ತಗ್ಗಿಸಿ ನಿಂತೆ. “ಹೆಸರು ಸೇರಿಸೋದು ನಾನೇ ಮರೆತೆ ಮಾವ.”

ಮಾವ ಕಲ್ಲಿನ ರಾಶಿ ನೋಡಿದರು, ನನ್ನನ್ನು ನೋಡಿದರು. ಅಂಗಿಯ ತುದಿಯಿಂದ ನನ್ನ ಹಣೆಯ ಧೂಳು ಒರೆಸಿದರು.

“ಚಿತ್ರಾನ್ನ ತಿಂದಿದ್ಯಾ?”

“ಇಲ್ಲ.”

“ನಡಿ, ಓಗಾನ. ಮೊದ್ಲು ಏನಾದ್ರೂ ತಿನ್ನು.”

ಸಂಜೆ ಡೀಫಾಲ್ಟ್ ಬದಲಾಯಿತು. ಅಂದಿನಿಂದ ಏನು ಕೊಟ್ಟರೂ ಕಟ್ಟುವ ಆ ದಪ್ಪ ಗಂಟೇ ನಡೆಯುತ್ತಿದೆ. ಯಾವ ಬದಲಾವಣೆಗೂ ಕಾರಣ ಬರೆದಿಡುವುದು ನಮ್ಮ ಕಚೇರಿಯ ಪದ್ಧತಿ. ಅಲ್ಪವಿರಾಮ ಬದಲಿಸಿದರೂ ಎರಡು ಪುಟ ಬರೆಯುವ ಮಾವ ಅಂದು ಒಂದೇ ಸಾಲು ಬರೆದಿದ್ದರು:

“ಅಲ್ಲಿ ನನ್ನ ಅಕ್ಕನ ಮಗಳು ಕೂತಿದ್ದಳು.”