ಮಳೆ ಅಳೆಯುವ ದೇವರು

ಕಾಸಾರಶಿರಸಿಯ ಆಚೆ ಹೊಲಗಳ ನಡುವಿನ ಹಳೆಯ ಕಲ್ಲುಗುಡಿಗೆ ನೀಲಕಂಠ ಕಾವಲುಗಾರ. ಅದರ ಪಡುವಣ ಗೋಡೆ ಮಳೆಗಾಲಕ್ಕೊಮ್ಮೆ ಇಷ್ಟಿಷ್ಟೇ ವಾಲುತ್ತಿತ್ತು. ಅದಕ್ಕೊಂದು ಆಸರೆ ಕೊಡಿ ಎಂದು ಅವನು ಪುರಾತತ್ವ ಇಲಾಖೆಯ ಕಚೇರಿಯ ಮೆಟ್ಟಿಲು ಸವೆಸಿದ್ದ. ಕೊನೆಗೆ ಉದಗೀರದಿಂದ ಋಷಿಕೇಶ ಸಾಹೇಬರು ಬಂದರು. ಆಸರೆ ತರಲಿಲ್ಲ, ಮಳೆ ಅಳೆದು ಲೆಕ್ಕವನ್ನು ತಾನೇ ಅವರ ಫೋನಿಗೆ ಕಳಿಸುವ ಯಂತ್ರ ತಂದರು. ಗೋಡೆಗೆ ಮಳೆಯಿಂದ ಅಪಾಯವಿದೆ ಎಂದು ಯಂತ್ರ ಹೇಳಿದರೆ ಆಸರೆ ಮಂಜೂರು ಎಂದರು. ಅದನ್ನು ಅಂಗಳದ ಕಟ್ಟೆಯ ಮೇಲೆ ನಿಲ್ಲಿಸಿ, ಒಳಗೆ ಹೋಗುವುದು ಅಪಾಯವೆಂದು ಗರ್ಭಗುಡಿಗೆ ಬೀಗ ಜಡಿದು ಹೋದರು.

ಎಡವಟ್ಟಾದದ್ದು ಆ ಬೀಗದಿಂದ. ಶ್ರಾವಣದ ಮೊದಲ ಸೋಮವಾರ ಚಂಪಾಬಾಯಿ ತಂಬಿಗೆ ತುಂಬ ನೀರು ಹಿಡಿದು ಬಂದರೆ ದೇವರು ಒಳಗೆ ಬಂದಿ. ಕಟ್ಟೆಯ ಮೇಲೆ ಮಾತ್ರ ಗುಂಡಗೆ, ನೆಟ್ಟಗೆ ಏನೋ ನಿಂತಿತ್ತು. ಸರಕಾರವೇ ಪ್ರತಿಷ್ಠಾಪಿಸಿದ್ದು! ಆಕೆ ನೀರೆರೆದು ಬಿಲ್ವಪತ್ರೆ ಏರಿಸಿದಳು. ಹಿಂದೆಯೇ ಹೆಂಗಸರ ಸಾಲು ಬೆಳೆಯಿತು.

ಸಾಹೇಬರ ಫೋನು ಬಂತು. ಸುಡುಬಿಸಿಲಲ್ಲಿ ಇಷ್ಟು ಮಳೆ ಎಲ್ಲಿಯದು ಎಂದರು.

"ಮಳಿ ಅಲ್ರೀ ಸಾಹೇಬ್ರ, ಅಭಿಷೇಕ," ಎಂದ ನೀಲಕಂಠ.

ಹೂಂ, ಮಳೆಯೇ ಎಂದಿದ್ದರೆ ಅಂದೇ ಆಸರೆ ಮಂಜೂರಾಗುತ್ತಿತ್ತು. ಅಷ್ಟು ಬುದ್ಧಿ ಅವನಿಗೆಲ್ಲಿಯದು? ಇನ್ನೊಂದು ತಂಬಿಗೆ ಯಂತ್ರಕ್ಕೆ ಬಿದ್ದರೆ ನಿನ್ನ ನೌಕರಿ ಹೋಯಿತೆಂದು ತಿಳಿ ಎಂದು ಸಾಹೇಬರು ಫೋನಿಟ್ಟರು.

ಅವನು ಹೆಂಗಸರಿಗೆ ಕೈಮುಗಿದ.

"ದೇವ್ರಿಗಿ ನೀರ್ ಹಾಕಬ್ಯಾಡ ಅಂತಿಯಲ್ಲೋ ತಮ್ಮಾ, ನೀ ಎಂಥ ಮನಷ್ಯಾ," ಎಂದಳು ಚಂಪಾಬಾಯಿ.

ಗದ್ದಲ ಕೇಳಿ ಕಿರಾಣಿ ಅಂಗಡಿಯ ಮನ್ಮಥಪ್ಪ ಸಾವಕಾರರು ಬಂದರು. ಅವರು ಕೈಹಾಕದೆ ಊರಿನ ಯಾವ ಜಗಳವೂ ದೊಡ್ಡದಾಗುತ್ತಿರಲಿಲ್ಲ. ಮನೆಯಿಂದ ತಾಮ್ರದ ಹಂಡೆ ತರಿಸಿ, ಯಂತ್ರದ ಮೇಲೆ ಬೋರಲು ಹಾಕಿ ಹಗ್ಗ ಬಿಗಿಸಿದರು.

"ಈಗ ಹಂಡೇದ ಮ್ಯಾಲ ಎಷ್ಟರ ಹಾಕ್ರಿ. ದೇವ್ರಿಗೂ ಮುಟ್ಟತದ, ಸರಕಾರಕ್ಕೂ ತ್ರಾಸ ಇಲ್ಲ."

ನೀಲಕಂಠ ಅವರ ಕಾಲಿಗೆ ಬಿದ್ದ.

ಮಧ್ಯಾಹ್ನ ಮೋಡ ಕವಿದು ಹುಚ್ಚು ಮಳೆ ಹೊಡೆಯಿತು. ನೀರು ಅಡಿಪಾಯಕ್ಕೆ ನುಗ್ಗಿತು. ನೀಲಕಂಠ ಒಬ್ಬನೇ ಸಲಿಕೆ ಹಿಡಿದು ಮಣ್ಣಿನ ಒಡ್ಡು ಹಾಕುತ್ತಲೇ ಇದ್ದ. ಹಂಡೆ ನೆನಪಾಗಲಿಲ್ಲ. ಅವನ ಕಣ್ಣೆದುರೇ ಗೋಡೆ ಕುಸಿದು ಬಿತ್ತು. ಎಷ್ಟೋ ತಲೆಮಾರು ನಿಂತಿದ್ದ ಕಲ್ಲುಗಳು ಕೆಸರಿನಲ್ಲಿ ಬಿದ್ದದ್ದನ್ನು ನೋಡಿ ಅವನು ಅತ್ತ.

ಗೋಡೆ ಬಿದ್ದ ಸುದ್ದಿ ತಿಳಿದು ಸಂಜೆ ಸುರಿಮಳೆಯಲ್ಲೇ ಸಾಹೇಬರು ತೊಯ್ದು ತೊಪ್ಪೆಯಾಗಿ ಬಂದರು. ಮಂಟಪದಲ್ಲಿ ನಿಂತು ಫೋನಿನಲ್ಲಿ ಯಂತ್ರದ ಲೆಕ್ಕ ನೋಡಿದರು.

"ಮಧ್ಯಾಹ್ನದಿಂದ ಮಳೀನೇ ಇಲ್ಲ. ಶೂನ್ಯ ತೋರಸ್ತದ."

"ಹಂಡೆ ಮುಚ್ಚಿತ್ತರೀ. ಮುಂಜಾನಿ ಲೆಕ್ಕರ ಹಿಡೀರಿ ಸಾಹೇಬ್ರ."

"ಅದು ಮಳಿ ಅಲ್ಲಂತ ನೀನೇ ಹೇಳ್ದಿ."

ಮಳೆಯಿಲ್ಲದೆ ಬಿದ್ದ ಗೋಡೆಗೆ ಕಾವಲುಗಾರನ ಅಲಕ್ಷ್ಯವೇ ಕಾರಣ, ಅವನನ್ನು ತೆಗೆದುಹಾಕಲಾಗಿದೆ ಎಂದು ಸಾಹೇಬರು ಬರೆದರು. ತಲೆಯಿಂದ ಸೋರುವ ನೀರು ಕಾಗದಕ್ಕೆ ಬೀಳದಂತೆ ಎಡಗೈ ಅಡ್ಡ ಹಿಡಿದಿದ್ದರು. ಬರೆದು ಮುಗಿಸಿ ಹೊರಗೆ ನೋಡಿದರು.

"ಛತ್ರಿ ಅದೇನೋ? ಜೀಪ್ ತನಕ ಹೋಗಬೇಕು."

ನೀಲಕಂಠ ತನ್ನ ಛತ್ರಿ ಬಿಚ್ಚಿ ಅವರ ತಲೆಯ ಮೇಲೆ ಹಿಡಿದು, ತಾನು ನೆನೆಯುತ್ತ, ಜೀಪಿನ ತನಕ ಬಿಟ್ಟುಬಂದ.