ಮಾವನವರ ಜೀಪಿನ ಬಣ್ಣ ಯಾವುದು?

ದಿನಾ ಕಣ್ಣೆದುರಿಗೇ ಇರುವ ವಸ್ತುವನ್ನು ಯಾರೂ ಸರಿಯಾಗಿ ನೋಡಿರುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಬೇಕಾದರೆ ನಿಮ್ಮ ಗೇಟಿನ ಚಿಲಕ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಮನೆಯವರನ್ನು ಒಬ್ಬೊಬ್ಬರನ್ನಾಗಿ ಕೇಳಿ ನೋಡಿ. ಸಂಜೆಯೊಳಗೆ ಜಗಳ ಗ್ಯಾರಂಟಿ. ನನಗೆ ಈ ಜ್ಞಾನೋದಯವಾದದ್ದು ತೊಂಬತ್ತರ ದಶಕದಲ್ಲಿ, ಮಾವನವರ ಜೀಪನ್ನು ರಟ್ಟಿನಲ್ಲಿ ಮಾಡಲು ಹೊರಟಾಗ.

ಮಾವನವರದು ಕೊಟ್ಟಿಗೆಹಾರದ ಹತ್ತಿರ ಸಣ್ಣ ಎಸ್ಟೇಟು. ಮಂಡಿನೋವಿನಿಂದ ಕ್ಲಚ್ ತುಳಿಯಲಾಗದೆ ತಮ್ಮ ಹಳೆಯ ಜೀಪನ್ನು ಕುದುರೆಮುಖದ ಕಡೆಯವರಿಗೆ ಮಾರಿದ ಮೇಲೆ ಅವರು ಮಂಕಾಗಿಬಿಟ್ಟಿದ್ದರು. ಖಾಲಿ ಶೆಡ್ಡಿನ ಕಡೆ ಮುಖ ಮಾಡಿ ಕೂತು ಕಾಫಿ ಕುಡಿಯುವರು. ನನ್ನ ಬಗ್ಗೆ ಅವರಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಚಿಕ್ಕಮಗಳೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ, ಡ್ರೈವಿಂಗ್ ಬಾರದ ಅಳಿಯ ಅವರ ಲೆಕ್ಕದಲ್ಲಿ ಅರ್ಧ ಮನುಷ್ಯ. ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನೂ ಮೇಸ್ತ್ರಿಯನ್ನೂ ‘ಮಾರಾಯ’ ಎಂದು ಬಾಯ್ತುಂಬ ಕರೆಯುವವರು ನನ್ನನ್ನು ಮಾತ್ರ “ಬನ್ನಿ ಅಳಿಯಂದಿರೇ, ಕೂತ್ಕೊಳ್ಳಿ” ಎಂದು ಮರ್ಯಾದೆಯಿಂದ ದೂರ ಕೂರಿಸುತ್ತಿದ್ದರು. ಒಂದೇ ಒಂದು ಸಲ ಅವರ ಬಾಯಲ್ಲಿ ಮಾರಾಯ ಅನ್ನಿಸಿಕೊಳ್ಳಬೇಕೆಂಬುದು ನನ್ನ ಗುಟ್ಟಿನ ಆಸೆ. ಅದಕ್ಕೇ ಅವರಿಗೆ ಅರವತ್ತು ತುಂಬುವ ದಿನ ಜೀಪಿನ ಮಾದರಿಯೊಂದನ್ನು ಕೈಯಾರೆ ಮಾಡಿಕೊಡುತ್ತೇನೆಂದು ಹೆಂಡತಿ ಸುಮಿತ್ರಾಳ ಮುಂದೆ ಹೇಳಿಬಿಟ್ಟೆ.

ಅಡಿಗೊಂದು ಅಂಗುಲದ ಅಳತೆ. ಮದುವೆ ಕರೆಯೋಲೆಗಳ ದಪ್ಪ ರಟ್ಟಿನಲ್ಲಿ ಬಾಡಿ, ಹರಿದ ಕೊಡೆಯ ಬಟ್ಟೆಯಲ್ಲಿ ಹುಡ್, ಅಂಗಿಯ ಗುಂಡಿಗಳಲ್ಲಿ ಹೆಡ್‌ಲೈಟು, ಸೈಕಲ್ ಕಡ್ಡಿಯಲ್ಲಿ ಆಕ್ಸಲ್. ನಾಲ್ಕು ಚಕ್ರಗಳಿಗೆ ನನ್ನ ಎಡಗಾಲಿನ ಹವಾಯಿ ಚಪ್ಪಲಿ ಸಾಕಾಯಿತು. ಸ್ಟೆಪ್ನಿಗೆ ಕೈಗೆ ಸಿಕ್ಕಿದ್ದನ್ನು ಕತ್ತರಿಸಿದೆ, ಅದು ಸುಮಿತ್ರಾಳದಾಗಿತ್ತು. “ನಿಮ್ಮ ಬಲಗಾಲಿಂದು ಒಂಟಿಯಾಗಿ ಅಲ್ಲೇ ಬಿದ್ದಿತ್ತಲ್ರೀ!” ಎಂದಳು. ಹೌದಲ್ಲ ಎಂದು ನನಗೂ ಆಮೇಲೆ ಹೊಳೆಯಿತು.

ತೊಡಕು ಶುರುವಾದದ್ದು ಬಣ್ಣದಲ್ಲಿ. ನನಗಂತೂ ನೆನಪಿರಲಿಲ್ಲ. ಜೀಪು ನೀಲಿ ಎಂದು ಸುಮಿತ್ರಾ. ಅತ್ತೆಗೆ ಗುಟ್ಟಾಗಿ ಫೋನು ಮಾಡಿದರೆ, “ಹಸಿರು. ನೀಲಿ ಇದ್ದಿದ್ದು ನೀರಿನ ಡ್ರಮ್ಮು” ಎಂದರು. ಕೊನೆಗೆ ಅದನ್ನು ರಿಪೇರಿ ಮಾಡುತ್ತಿದ್ದ ಇಬ್ರಾಹಿಂ ಸಾಬರನ್ನೇ ಹುಡುಕಿಕೊಂಡು ಹೋದೆ. “ಯಾವ ಜೀಪು ಹೇಳ್ತೀರಿ ಸಾರ್? ಬಾಡಿ ಬದಲಾಯ್ಸೋಕೆ ಮುಂಚಿಂದಾ, ಇಂಜಿನ್ ಬದಲಾಯ್ಸಿದ್ಮೇಲಿಂದಾ?” ಎಂದು ಅವರೂ ತಲೆ ಕೆರೆದುಕೊಂಡರು. ಯಾರದೋ ಗೇಟಿಗೆ ಬಳಿದು ಮಿಕ್ಕಿದ್ದ ಪೇಂಟನ್ನು ಹೊಡೆದಿದ್ದರಂತೆ. ಯಾರ ಗೇಟು ಎಂಬುದು ಮರೆತಿತ್ತು. ಬಾಗಿಲು ಒಂದೇ ಕಡೆ ಇತ್ತು, ಯಾವ ಕಡೆ ಎನ್ನುವುದು ಮಾತ್ರ ಆಗಾಗ ಬದಲಾಗುತ್ತಿತ್ತಂತೆ! ಶಾಸನಗಳ ಕಾಲ ಹೇಳುವ ನನಗೆ ಒಂದು ಜೀಪಿನ ಚರಿತ್ರೆ ಹಿಡಿತಕ್ಕೆ ಸಿಗಲಿಲ್ಲ. ಇದ್ದ ಒಂದೇ ಫೋಟೊದಲ್ಲಿ ನೆಂಟರೆಲ್ಲ ಜೀಪಿಗೆ ಅಡ್ಡ ನಿಂತಿದ್ದರು. ಕಂಡದ್ದು ಹಿಂದಿನ ಚಕ್ರವೊಂದೇ. ಅದರ ಬುಡದಲ್ಲಿ ಒಂದು ಕಪ್ಪು ಉಂಡೆ. ಬೂಸ್ಟು ಹಿಡಿದಿರಬೇಕೆಂದು ಒರೆಸಿದೆ, ಹೋಗಲಿಲ್ಲ. ಸಿಟ್ಟು ಬಂದು ನೀಲಿ, ಹಸಿರು ಎರಡನ್ನೂ ಬೆರೆಸಿ ಬಳಿದೆ. ಯಾರೂ ಹೇಳದ ಮೂರನೆಯ ಬಣ್ಣವೊಂದು ಬಂತು.

ಅರವತ್ತು ತುಂಬಿದ ದಿನ ನೆಂಟರ ಮುಂದೆ ಜಗಲಿಯ ಗಿಡ್ಡ ಗೋಡೆಯ ಮೇಲೆ ಜೀಪನ್ನಿಟ್ಟೆ. ಮಾವನವರು ಕನ್ನಡಕ ಹಾಕಿಕೊಂಡು ಸುತ್ತಲೂ ನೋಡಿದರು. “ಚೆನ್ನಾಗಿದೆ ಅಳಿಯಂದಿರೇ. ಯಾರದು ಈ ಗಾಡಿ?” ಎಂದು ಕೇಳಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಆ ಗೋಡೆಯ ಇಳಿಜಾರಿನಲ್ಲಿ ಜೀಪು ಮೆಲ್ಲಗೆ ಹೊರಟಿತು. ಚಕ್ರ ಸಲೀಸಾಗಿ ತಿರುಗಲೆಂದು ಕೊಬ್ಬರಿ ಎಣ್ಣೆ ಬಿಟ್ಟವನು ನಾನೇ. “ಕಲ್ಲು! ಕಲ್ಲು ಕೊಡ್ರೋ!” ಎಂದು ಮಾವನವರು ಮಂಡಿನೋವು ಮರೆತು ಹಾರಿ ಹಿಡಿದರು. ಹೂವಿನ ಕುಂಡದಿಂದ ತಾವೇ ಒಂದು ಕಲ್ಲು ಹೆಕ್ಕಿ ಹಿಂದಿನ ಚಕ್ರಕ್ಕೆ ಕೊಟ್ಟರು. “ಅಯ್ಯೋ, ನಮ್ಮ ಜೀಪೇ!” ಎಂದು ಅತ್ತೆ, ಸುಮಿತ್ರಾ ಒಟ್ಟಿಗೆ ಕೂಗಿದರು.

ಮಾರಿದ ಆ ಹಳೆಯ ಜೀಪಿನ ಹ್ಯಾಂಡ್ ಬ್ರೇಕು ಎಂದೂ ಹಿಡಿದದ್ದಿಲ್ಲವಂತೆ. ನಿಂತೊಡನೆ ಮೊದಲು ಇಳಿದವರು ಚಕ್ರಕ್ಕೆ ಕಲ್ಲು ಕೊಡಬೇಕು. ನಾನು ಅದರಲ್ಲಿ ಎಷ್ಟು ಸಲ ಕೂತಿಲ್ಲ! ತಿರುವುಗಳಿಗೆ ತಲೆ ಸುತ್ತಿ ಯಾವಾಗಲೂ ಕೊನೆಗೆ ಇಳಿಯುತ್ತಿದ್ದವನಿಗೆ ಕಲ್ಲು ಕಂಡಿರಲಿಲ್ಲ. ಫೋಟೊದಲ್ಲಿ ಕಂಡದ್ದನ್ನೂ ಬೂಸ್ಟೆಂದು ಒರೆಸಿದ್ದೆ.

ಮಾವನವರು ಕಲ್ಲಿಗೆ ಒರಗಿ ನಿಂತ ರಟ್ಟಿನ ಜೀಪಿನ ಮುಂದೆ ಬಗ್ಗಿದರು. ಕಣ್ಣು ಒದ್ದೆಯಾಗಿತ್ತು. ಬಾನೆಟ್ ಮೇಲೆ ಕೈಯಿಟ್ಟು, “ಬಂದ್ಯಲ್ಲ ಮಾರಾಯ” ಎಂದರು. ಆಗ ನಾನು ಅವರ ಎದುರಿಗೇ ನಿಂತಿದ್ದೆ. ಅಂದದ್ದು ನನಗೋ ಜೀಪಿಗೋ ಎಂಬುದು ಇವತ್ತಿಗೂ ತಿಳಿದಿಲ್ಲ. ಕೇಳುವ ಧೈರ್ಯ ನನಗೆ ಬಂದಿಲ್ಲ.