ಮಂಜುಗಡ್ಡೆಯ ಗಾತ್ರ ಮತ್ತು ಒಬ್ಬ ಅಪ್ಪನ ಜ್ಞಾನ

‘ಗೊತ್ತಿಲ್ಲ’ ಎಂಬ ಮೂರಕ್ಷರ ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ. ಗಂಡಸರಲ್ಲಿ ಇದು ಸಾಮಾನ್ಯ ಕಾಯಿಲೆ. ಅಪ್ಪನಾದ ಮೇಲೆ ಉಲ್ಬಣಿಸುತ್ತದೆ. ಅದರ ಮೇಲೆ ಆಗ, ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ವೈ-ಟೂ-ಕೆ ಭರಾಟೆ ಬೇರೆ. ಪ್ರೋಗ್ರಾಮುಗಳಲ್ಲಿ ಎರಡಂಕಿಯ ಇಸವಿಯನ್ನು ನಾಲ್ಕಂಕಿ ಮಾಡುವುದಷ್ಟೇ ನನ್ನ ಕಸುಬು. ಆದರೂ ಪರದೇಶದ ಬಾಸ್ಕಿಂಗ್ ರಿಡ್ಜ್ ಎಂಬ ಊರಿನ ಆಫೀಸಿನಲ್ಲಿ ನಮ್ಮನ್ನು ಲೋಕ ಉಳಿಸಲು ಬಂದವರಂತೆ ನೋಡುತ್ತಿದ್ದರು. ನಾನೂ ನಂಬಿಬಿಟ್ಟಿದ್ದೆ.

ಮಗಳು ಅನನ್ಯ ಆಗ ಏಳನೇ ಗ್ರೇಡು. ಹಿಮಯುಗದಲ್ಲಿ ಉತ್ತರದ ನೆಲವನ್ನೇ ಮುಚ್ಚಿದ್ದ ಮಂಜುಗಡ್ಡೆಯ ಹಿಮಹಾಸು ನಾವಿದ್ದ ಮಾರಿಸ್‌ಟೌನ್ ತನಕ ಬಂದು ನಿಂತಿತ್ತಂತೆ, ಊರಿನ ದಿಬ್ಬ ಅದು ತಳ್ಳಿ ತಂದ ಕಲ್ಲುಮಣ್ಣಂತೆ. ಟೀಚರ್ ಹೀಗೆ ಹೇಳಿದ್ದೇ ತಡ, ಶಾಲೆಯ ಸೈನ್ಸ್ ಫೇರಿಗೆ ಅದನ್ನೇ ಹಿಡಿದಳು. ಆ ಚಳಿಯುಗದ ನಡುವೆಯೂ ಹವೆ ಕೆಲವೇ ದಶಕಗಳಲ್ಲಿ ಧಡಕ್ಕನೆ ಬೆಚ್ಚಗಾಗಿ, ಮತ್ತೆ ತಣ್ಣಗಾಗುತ್ತಿತ್ತಂತೆ. ಹಿಮಹಾಸಿನ ಗಾತ್ರಕ್ಕೂ ಇದಕ್ಕೂ ಏನು ಸಂಬಂಧ ಎಂದು ಊಟಕ್ಕೆ ಕೂತಾಗ ಕೇಳಿದಳು. ಹುಳಿ ಅನ್ನಕ್ಕೆ ತುಪ್ಪ ಹಾಕಿಕೊಳ್ಳುತ್ತಲೇ, ಹಾಸು ದೊಡ್ಡದಾದಷ್ಟೂ ಏರಿಳಿತ ದೊಡ್ಡದು ಎಂದು ತೀರ್ಮಾನ ಕೊಟ್ಟೆ. ಹೆಂಡತಿ ಸುಧಾ, ಒಮ್ಮೆ ಲೈಬ್ರರಿಯಲ್ಲಿ ನೋಡಬಾರದೇ ಎಂದಳು. ಲೋಡ್ ಜಾಸ್ತಿಯಾದರೆ ಸರ್ವರ್ ಕ್ರ್ಯಾಶ್ ಆಗುತ್ತದೆ, ಇಷ್ಟಕ್ಕೆ ಲೈಬ್ರರಿ ಯಾಕೆ ಎಂದೆ. ಮಗಳು ನನ್ನ ಮಾತನ್ನು ಫೇರಿನ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದು, ಕೆಳಗೆ ಅದಕ್ಕೊಪ್ಪುವ ಗ್ರಾಫ್ ಎಳೆದಳು.

ಫೇರಿಗೆ ಎರಡು ದಿನವಿರುವಾಗ ತಾನೇ ಲೈಬ್ರರಿಗೆ ಹೋಗಿ ಬಂದವಳ ಮುಖ ಊದಿಕೊಂಡಿತ್ತು. ಹಾಸು ತೀರಾ ಚಿಕ್ಕದಿದ್ದಾಗಲೂ, ತೀರಾ ದೊಡ್ಡದಾದಾಗಲೂ ಹವೆ ಹೆಚ್ಚುಕಮ್ಮಿ ಸ್ಥಿರವಂತೆ. ಮಧ್ಯಮ ಗಾತ್ರದಲ್ಲಿದ್ದಾಗಲೇ ಅಟ್ಲಾಂಟಿಕ್ಕಿನ ಬೆಚ್ಚನೆಯ ಪ್ರವಾಹ ಒಮ್ಮೆ ಚುರುಕಾಗಿ, ಒಮ್ಮೆ ಕುಗ್ಗಿ, ಹವೆಯನ್ನು ಕುಣಿಸುತ್ತದಂತೆ.

“ಅಪ್ಪಾ, ಡಿಡ್ ಯು ನೋ, ಆರ್ ಡಿಡ್ ಯು ಗೆಸ್?” ಎಂದಳು.

ವೀಸಾ ಇಂಟರ್‌ವ್ಯೂನಲ್ಲೂ ನಾನು ಅಷ್ಟು ಬೆವರಿರಲಿಲ್ಲ. ಏನಾದರೂ ಸಮಜಾಯಿಷಿ ಹೇಳಬಹುದಿತ್ತು. ಆದರೆ ಅವಳು ನನ್ನನ್ನು ನಂಬಿ ಬರೆದಿದ್ದಳು.

“ಗೆಸ್ ಮಾಡಿದ್ದೆ ಕಣಮ್ಮ. ನಂಗೆ ಗೊತ್ತಿರ್ಲಿಲ್ಲ.”

ಆ ಸಂಜೆ ಇಬ್ಬರೂ ನೆಲದ ಮೇಲೆ ಕೂತು ಗ್ರಾಫನ್ನು ಹೊಸದಾಗಿ ಬರೆದೆವು. ಹಳೆಯ ವಾಕ್ಯ ಕಿತ್ತುಹಾಕೋಣ ಎಂದರೆ ಒಪ್ಪಲಿಲ್ಲ. ವಿಜ್ಞಾನದಲ್ಲಿ ತಪ್ಪಿದ ಊಹೆಯನ್ನೂ ತೋರಿಸಬೇಕಂತೆ. ಹೀಗಾಗಿ ಶಾಲೆಗೆ ಬಂದ ಊರವರೆಲ್ಲ ಬೋರ್ಡಿನಲ್ಲಿ ‘ಮೈ ಡ್ಯಾಡ್ಸ್ ಹೈಪಾಥಿಸಿಸ್: ರಾಂಗ್’, ಅಂದರೆ ನನ್ನಪ್ಪನ ಊಹೆ ತಪ್ಪು, ಎಂದು ಓದಿಕೊಂಡು, ಆಮೇಲೆ ನನ್ನ ಕೈ ಕುಲುಕಿದರು. ಅವಳಿಗೆ ಎರಡನೇ ಬಹುಮಾನ ಬಂತು. ತೀರ್ಪುಗಾರರಿಗೆ ಹಿಡಿಸಿದ್ದು ಆ ಸಾಲೇ ಎಂದು ಟೀಚರ್ ತಿಳಿಸಿದರು.

ವಾಪಸು ಬರುವಾಗ ಕಾರಿನಲ್ಲಿ, ಹಾಗಾದರೆ ಬಹುಮಾನದಲ್ಲಿ ನನ್ನ ಪಾಲೂ ಇದೆ ಎಂದೆ. ತಾಯಿ ಮಗಳಿಬ್ಬರೂ ಕಿಟಕಿಯಾಚೆ ನೋಡತೊಡಗಿದರು.